ಉಬ್ಬರ ಬಾರದ ಮನೆಯಲ್ಲಿ ಬಂಡೆಗುಳಿ: ತಣ್ಣೀರಿನ ಕಡಲ ಅಕ್ವೇರಿಯಂ ಕಟ್ಟುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ತಂಪು ಕಡಲತೀರದ ಬಂಡೆಗುಳಿಯೊಂದರಲ್ಲಿ, ಬೇಸಿಗೆಯ ಮಧ್ಯಾಹ್ನ, ಕಡಲು ಇಳಿದಿರುವ ಹೊತ್ತಿನಲ್ಲಿ ಥರ್ಮಾಮೀಟರ್ ಇಳಿಬಿಟ್ಟರೆ ಅದು 20 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅದೇ ಹೊತ್ತಿಗೆ ಆ ಬಂಡೆಯ ಬುಡಕ್ಕೆ ಬಡಿಯುತ್ತಿರುವ ಕಡಲ ನೀರು 12 ಡಿಗ್ರಿಯಲ್ಲಿರಬಹುದು. ಗುಳಿಯೊಳಗಿನ ಕಡಲ ಹೂ (ಸೀ ಅನಿಮೋನಿ ಎಂಬ ಪ್ರಾಣಿ), ಖಾಲಿ ಚಿಪ್ಪಿನಲ್ಲಿ ಬಾಳುವ ಸನ್ಯಾಸಿ ಏಡಿ, ಬೆರಳುದ್ದದ ಸ್ಕಲ್ಪಿನ್ ಮೀನು ಎಲ್ಲವೂ ಜೀವಂತವಾಗಿಯೇ ಇರುತ್ತವೆ. ಇದನ್ನು ಕಂಡವರು, ಇವು ಗಟ್ಟಿ ಜೀವಗಳು, ಕೋಣೆಯ ಉಷ್ಣಾಂಶದಲ್ಲೂ ಬದುಕಿಕೊಳ್ಳುತ್ತವೆ ಎಂದುಕೊಳ್ಳುತ್ತಾರೆ. ತಣ್ಣೀರಿನ ಅಕ್ವೇರಿಯಂಗಳು ಹಾಳಾಗುವುದು ಬಹುಪಾಲು ಈ ಒಂದು ತಪ್ಪು ಎಣಿಕೆಯಿಂದಲೇ.

ಆ ಪ್ರಾಣಿಗಳು ಸೆಕೆಯನ್ನು ತಡೆದುಕೊಳ್ಳುವುದು ಕೆಲವು ಗಂಟೆಗಳ ಮಟ್ಟಿಗೆ ಮಾತ್ರ. ಉಷ್ಣಾಂಶ 10 ಡಿಗ್ರಿ ಏರಿದರೆ ಇಂಥ ಪ್ರಾಣಿಗಳ ದೇಹದ ಕೆಲಸ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಆಮ್ಲಜನಕದ ಬೇಡಿಕೆಯೂ ಅಷ್ಟೇ ಏರುತ್ತದೆ. ಆದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಅದೇ ವೇಳೆಗೆ ಕಡಿಮೆಯಾಗುತ್ತದೆ: 12 ಡಿಗ್ರಿಯ ಕಡಲ ನೀರು ಲೀಟರಿಗೆ ಸುಮಾರು 8.6 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳಬಲ್ಲದು, 25 ಡಿಗ್ರಿಯಲ್ಲಿ ಅದು 7ಕ್ಕಿಂತ ಕೆಳಗಿಳಿಯುತ್ತದೆ. ಬಂಡೆಗುಳಿಯಲ್ಲಿ ಈ ಸಾಲವನ್ನು ಉಬ್ಬರ ಬಂದು ತೀರಿಸುತ್ತದೆ. ತಣ್ಣನೆಯ ನೀರು ತರುತ್ತದೆ, ಆಮ್ಲಜನಕ ತುಂಬುತ್ತದೆ, ಕೊಳೆ ಒಯ್ಯುತ್ತದೆ, ತಿನಿಸನ್ನೂ ಹೊತ್ತು ತರುತ್ತದೆ. ಮನೆಯ ತೊಟ್ಟಿಗೆ ಉಬ್ಬರ ಬರುವುದಿಲ್ಲ. ಅದರ ಈ ಕೆಲಸಗಳನ್ನೆಲ್ಲ ನಾವೇ ಮಾಡಬೇಕು, ಅದೂ ಪ್ರಾಣಿ ತರುವ ಮುಂಚೆಯೇ ಆ ಏರ್ಪಾಡು ನಡೆಯುತ್ತಿರಬೇಕು.

ಯಂತ್ರವೇ ಇಲ್ಲದ ಕಾಲದಲ್ಲೂ ಇದನ್ನು ಸಾಧಿಸಿದವರಿದ್ದರು. ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್ ತೀರದಿಂದ ನಿಸರ್ಗಶಾಸ್ತ್ರಜ್ಞ ಜಾನ್ ಗ್ರಹಾಂ ಡಾಲಿಯೆಲ್ 1828ರಲ್ಲಿ ತಂದ ಒಂದು ಬೀಡ್‌ಲೆಟ್ ಕಡಲ ಹೂ ಎಡಿನ್‌ಬರೋದಲ್ಲಿ ಗಾಜಿನ ಪಾತ್ರೆಯೊಂದರಲ್ಲಿ 1887ರವರೆಗೆ ಬದುಕಿತ್ತು. ಸಾಕಿದವನೇ ತೀರಿಕೊಂಡ ಮೇಲೆ ಅದು ಕೈಯಿಂದ ಕೈಗೆ ಹೋಯಿತು, 'ಗ್ರಾನಿ' ಎಂದು ಹೆಸರಾಯಿತು. ಅದಕ್ಕೆ ಸಿಕ್ಕ ಸೌಕರ್ಯ ಇಷ್ಟೇ: ತಂಪು ಹವೆಯ ಊರು, ಮೇಲಿಂದ ಮೇಲೆ ಬದಲಾಗುವ ಶುದ್ಧ ಕಡಲ ನೀರು, ಪಾತ್ರೆಯಲ್ಲಿ ಜನಸಂದಣಿ ಇಲ್ಲ. ನಮ್ಮ ಚಿಲ್ಲರ್ (ನೀರು ತಣಿಸುವ ಯಂತ್ರ), ಪಂಪ್, ಫಿಲ್ಟರ್‌ಗಳೆಲ್ಲ ಸೇರಿ ಕೊಡಬೇಕಾದದ್ದೂ ಇದನ್ನೇ.

ಮೊದಲು ಶಾಖದ ಲೆಕ್ಕ ಹಾಕೋಣ. ಪೆಸಿಫಿಕ್‌ನ ವಾಯವ್ಯ ಅಮೆರಿಕದ ತೀರವಾಗಲಿ, ಬ್ರಿಟನ್ನಿನ ತೀರವಾಗಲಿ, ಅಲ್ಲಿನ ಬಂಡೆಗುಳಿ ಪ್ರಾಣಿಗಳಿಗೆ 12ರಿಂದ 13 ಡಿಗ್ರಿ ಒಳ್ಳೆಯ ಗುರಿ. 80 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ಗಾಜಿನ ತೊಟ್ಟಿ ಎಂದಿಟ್ಟುಕೊಳ್ಳಿ. ಆರೂ ಮುಖಗಳ ಒಟ್ಟು ವಿಸ್ತೀರ್ಣ 1.6 ಚದರ ಮೀಟರ್. ಕೋಣೆ 25 ಡಿಗ್ರಿ, ನೀರು 12 ಡಿಗ್ರಿ, ವ್ಯತ್ಯಾಸ 13. ಬರಿ ಗಾಜಿನ ಮೂಲಕ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 7 ವ್ಯಾಟ್ ಶಾಖ ಒಳಗೆ ಬರುತ್ತದೆ. ಗುಣಿಸಿದರೆ 145 ವ್ಯಾಟ್ ಆಸುಪಾಸು. ಹಗಲೂ ರಾತ್ರಿ ಬಿಡುವಿಲ್ಲದೆ ಬರುವ ಶಾಖ ಇದು.

ಈಗ ತಳಕ್ಕೆ, ಹಿಂಬದಿಗೆ, ಎರಡು ಪಕ್ಕಗಳಿಗೆ 25 ಮಿ.ಮೀ. ದಪ್ಪದ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಹಾಳೆ ಅಂಟಿಸಿ, ಮೇಲೆ ಮುಚ್ಚಳ ಹಾಕಿ. ಲೆಕ್ಕ 60 ವ್ಯಾಟಿಗೆ ಇಳಿಯುತ್ತದೆ. ಇಡೀ ಏರ್ಪಾಡಿನಲ್ಲಿ ಇಷ್ಟು ಸುಲಭಕ್ಕೆ ಇಷ್ಟು ದೊಡ್ಡ ಲಾಭ ಇನ್ನಾವುದರಿಂದಲೂ ಸಿಗುವುದಿಲ್ಲ, ಆದರೂ ಜನ ಇದನ್ನು ಬಿಟ್ಟು ದೊಡ್ಡ ಚಿಲ್ಲರ್ ಹುಡುಕುತ್ತಾರೆ. ತೊಟ್ಟಿಯ ಕೆಳಗಿಡುವ ಎರಡನೇ ತೊಟ್ಟಿಯಾದ ಸಂಪ್‌ಗೂ ಕೊಳವೆಗಳಿಗೂ ಇದೇ ಹೊದಿಕೆ ಬೇಕು. ನೀರಿನಲ್ಲಿ ಮುಳುಗಿರುವ ಪಂಪ್ ಎಷ್ಟು ವ್ಯಾಟ್ ವಿದ್ಯುತ್ ತಿನ್ನುತ್ತದೋ ಅಷ್ಟೂ ಶಾಖವಾಗಿ ನೀರಿಗೇ ಸೇರುತ್ತದೆ. ಆದ್ದರಿಂದ 40 ವ್ಯಾಟಿನ ಹಳೆಯ ಪಂಪಿನ ಬದಲು 10 ವ್ಯಾಟಿನ ಡಿಸಿ ಪಂಪ್ ಹಾಕುವುದೂ ಒಂದು ಬಗೆಯಲ್ಲಿ ತಂಪು ಮಾಡಿದಂತೆಯೇ.

ಎಲ್ಲ ಕೂಡಿ 100 ವ್ಯಾಟ್ ಶಾಖ ಎಂದಾದರೆ, 12 ಡಿಗ್ರಿ ನೀರಿನಲ್ಲಿ ನಿಜವಾಗಿ 200 ವ್ಯಾಟ್ ಶಾಖ ತೆಗೆಯಬಲ್ಲ ಚಿಲ್ಲರ್ ಆರಿಸಿ. ಆಗ ಅದು ಅರ್ಧ ಹೊತ್ತು ಮಾತ್ರ ಓಡುತ್ತದೆ, ಬೇಸಿಗೆಗೂ ದಮ್ಮು ಉಳಿದಿರುತ್ತದೆ. 'ನಿಜವಾಗಿ' ಎಂಬ ಮಾತಿಗೆ ಒತ್ತು ಕೊಡುತ್ತಿದ್ದೇನೆ. ಡಬ್ಬದ ಮೇಲೆ ಬರೆದಿರುವ ಅಶ್ವಶಕ್ತಿ ಕಂಪ್ರೆಸರ್‌ನದು. ನೀರು ತಣ್ಣಗಾದಷ್ಟೂ ಅದೇ ಯಂತ್ರ ತೆಗೆಯಬಲ್ಲ ಶಾಖ ಕಡಿಮೆಯಾಗುತ್ತದೆ. ಉಷ್ಣವಲಯದ ತೊಟ್ಟಿಯನ್ನು 28ರಿಂದ 25ಕ್ಕೆ ಇಳಿಸಲು ತಕ್ಕದಾದದ್ದು 12ಕ್ಕೆ ಸೋಲಬಹುದು. ತಯಾರಕರ ಕೋಷ್ಟಕದಲ್ಲಿ ನಿಮ್ಮ ಗುರಿ ಉಷ್ಣಾಂಶದ ಎದುರು ಏನಿದೆ ಎಂಬುದನ್ನೇ ನೋಡಿ. ಒಳಗಿನ ಸುರುಳಿ ಟೈಟಾನಿಯಂನದಾಗಿರಬೇಕು. ತಾಮ್ರವಾದರೆ ಉಪ್ಪುನೀರಿನಲ್ಲಿ ಕರಗಿ ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಕೊಲ್ಲುತ್ತದೆ, ಬಹಳ ಸಣ್ಣ ಪ್ರಮಾಣವೂ ಸಾಕು.

ಪುಟ್ಟ ಫ್ರಿಜ್ಜಿನೊಳಗೆ ಪ್ಲಾಸ್ಟಿಕ್ ಕೊಳವೆ ಸುತ್ತಿಟ್ಟು ನೀರು ಹರಿಸುವ ಉಪಾಯವನ್ನು ಹಲವರು ಪ್ರಯತ್ನಿಸುತ್ತಾರೆ. ಪ್ಲಾಸ್ಟಿಕ್ ಶಾಖ ದಾಟಿಸುವುದು ಬಲು ನಿಧಾನ, ಫ್ರಿಜ್ಜಿನ ಕಂಪ್ರೆಸರ್ ಸತತ ಶಾಖ ಹೊರುವುದಕ್ಕೆ ಮಾಡಿದ್ದಲ್ಲ. ಕೆಲವು ವಾರಗಳಲ್ಲಿ ಫ್ರಿಜ್ಜೂ ಕೆಡುತ್ತದೆ, ತೊಟ್ಟಿಯೂ ಕೆಡುತ್ತದೆ. ಚಿಲ್ಲರ್ ಇದ್ದರೂ ಅದನ್ನು ಸ್ಟ್ಯಾಂಡಿನ ಕಪಾಟಿನಲ್ಲಿ ಮುಚ್ಚಿಡಬೇಡಿ. ನೀರಿನಿಂದ ತೆಗೆದ ಶಾಖವನ್ನು ಅದು ಸುತ್ತಲಿನ ಗಾಳಿಗೆ ಬಿಡುತ್ತದೆ. ಕಪಾಟಿನೊಳಗೆ ಅದೇ ಬಿಸಿ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತಾ ಕೊನೆಗೆ ನಿಂತುಹೋಗುತ್ತದೆ. ನಿಯಂತ್ರಕದಲ್ಲಿ ಕನಿಷ್ಠ ಒಂದು ಡಿಗ್ರಿ ಅಂತರ ಇಡಿ: 13ಕ್ಕೆ ಶುರು, 12ಕ್ಕೆ ನಿಲುಗಡೆ. ಅಂತರ ತೀರಾ ಕಿರಿದಾದರೆ ಕಂಪ್ರೆಸರ್ ಗಳಿಗೆಗೊಮ್ಮೆ ಹೊತ್ತಿ ಆರಿ ಬೇಗ ಸವೆಯುತ್ತದೆ.

ಮುಂದಿನ ತೊಡಕು ಬೆವರುವ ಗಾಜು. ಕೋಣೆ 25 ಡಿಗ್ರಿ, ಗಾಳಿಯ ತೇವ ಶೇ. 60 ಇದ್ದಾಗ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ, ಸುಮಾರು 17 ಡಿಗ್ರಿ. 12 ಮಿ.ಮೀ. ಗಾಜಿನ ಹೊರಮೈ 14 ಡಿಗ್ರಿಗೆ ಇಳಿದಿರುತ್ತದೆ, ಆದ್ದರಿಂದ ನೀರು ಹನಿಗಟ್ಟಿ ಸುರಿಯುತ್ತದೆ, ಮರದ ಸ್ಟ್ಯಾಂಡ್ ಉಬ್ಬುತ್ತದೆ. ಅದೇ 25 ಮಿ.ಮೀ. ಅಕ್ರಿಲಿಕ್ ಆದರೆ ಹೊರಮೈ 18-19 ಡಿಗ್ರಿಯಲ್ಲಿ ನಿಲ್ಲುತ್ತದೆ, ಒಣಗಿಯೇ ಇರುತ್ತದೆ. ಶಾಖ ದಾಟಿಸುವುದರಲ್ಲಿ ಅಕ್ರಿಲಿಕ್ ಗಾಜಿನ ಐದನೇ ಒಂದು ಭಾಗದಷ್ಟೇ ಚುರುಕು. ತೇವ ಶೇ. 70ರ ಆಸುಪಾಸು ಮುಟ್ಟಿದರೆ ಮಾತ್ರ ಅದೂ ಬೆವರುತ್ತದೆ. ಅಕ್ರಿಲಿಕ್ ಬೇಡವೆಂದರೆ ಮುಂದಿನ ಗಾಜಿಗೆ ಇನ್ನೊಂದು ಗಾಜು ಸೇರಿಸಿ, ನಡುವಿನ ಒಣ ಗಾಳಿಯನ್ನು ಸುತ್ತಲೂ ಸಿಲಿಕೋನ್ ಹಾಕಿ ಮುಚ್ಚಬಹುದು. ಆ ಸಂದಿಯಲ್ಲಿ ಸಿಲಿಕಾ ಜೆಲ್ ಇಡುವುದನ್ನು ಮರೆಯಬೇಡಿ. ಅಕ್ರಿಲಿಕ್‌ಗೂ ಒಂದು ಕೊರತೆ ಇದೆ: ಮೈತುಂಬ ಮುಳ್ಳಿನ ಕಡಲ ಪ್ರಾಣಿ ಸೀ ಅರ್ಚಿನ್ ಪಾಚಿ ಕೆರೆಯುವಾಗ ಅದರ ಮೇಲೆ ಗೀರು ಬೀಳುತ್ತದೆ. ಅರ್ಚಿನ್ ಸಾಕಬೇಕೆಂದಿದ್ದರೆ ಜೋಡಿ ಗಾಜೇ ಸರಿ.

ಇದೇ ಇಬ್ಬನಿ ಬಿಂದುವಿನಿಂದ ಇನ್ನೊಂದು ವಿಚಿತ್ರ ಹುಟ್ಟುತ್ತದೆ. ಉಷ್ಣವಲಯದ ಅಕ್ವೇರಿಯಂ ನಡೆಸಿದವರಿಗೆ ದಿನಾ ನೀರು ಆವಿಯಾಗುವುದು, ಸಿಹಿನೀರು ಸೇರಿಸುವುದು ರೂಢಿ. ಇಲ್ಲಿ ಇಬ್ಬನಿ ಬಿಂದುವಿಗಿಂತ ನೀರೇ ತಣ್ಣಗಿರುವಾಗ ಅದು ಆವಿಯಾಗುವುದಿಲ್ಲ. ಗಾಳಿಯ ತೇವವೇ ನೀರಿಗೆ ಇಳಿದು ಲವಣಾಂಶ ಮೆಲ್ಲಗೆ ಕುಸಿಯುತ್ತದೆ. ಫ್ಯಾನ್ ಹಾಕಿ ತಂಪು ಮಾಡುವ ಮಾತು ಇಲ್ಲಿ ಅರ್ಥಹೀನ. ವಾರಕ್ಕೊಮ್ಮೆ ಲವಣಾಂಶ ಅಳೆಯಿರಿ, ಸಾವಿರಕ್ಕೆ 34ರಿಂದ 35 ಭಾಗ ಇರಲಿ. ತೇಲುವ ಹೈಡ್ರೋಮೀಟರ್ ಬಳಸುವವರು ಮಾದರಿ ನೀರನ್ನು ಅದರ ಮೇಲೆ ಬರೆದಿರುವ ಉಷ್ಣಾಂಶಕ್ಕೆ ತಂದೇ ಅಳೆಯಬೇಕು. 25 ಡಿಗ್ರಿಗೆ ಮಾಡಿದ ಉಪಕರಣವನ್ನು 12 ಡಿಗ್ರಿ ನೀರಿಗೆ ಇಳಿಸಿದರೆ ಅದು ಸಾಂದ್ರತೆಯನ್ನು 0.003ರಷ್ಟು ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಸಿಹಿನೀರು ಬೆರೆಸಿದರೆ ಲವಣಾಂಶ ನಾಲ್ಕು ಭಾಗ ಬಿದ್ದುಹೋಗುತ್ತದೆ. ಅರ್ಚಿನ್, ನಕ್ಷತ್ರಮೀನುಗಳಿಗೆ ಅದು ತಡೆಯಲಾರದ ಪೆಟ್ಟು.

ನೀರು ತಯಾರಿಗೆ ಹೆಚ್ಚು ಹೇಳಬೇಕಿಲ್ಲ. ಆರ್‌ಓ (ಪೊರೆಯಲ್ಲಿ ಸೋಸುವುದು) ಮತ್ತು ಡಿಐ (ಉಳಿದ ಲವಣ ತೆಗೆಯುವುದು) ಎರಡೂ ಹಂತ ದಾಟಿದ ನೀರು, ಲೀಟರಿಗೆ 36ರಿಂದ 38 ಗ್ರಾಂ ಅಕ್ವೇರಿಯಂ ಉಪ್ಪು, ತೊಟ್ಟಿ, ಸಂಪ್ ಎರಡೂ ಸೇರಿ 150 ಲೀಟರಿಗೆ ಐದೂವರೆ ಕೆ.ಜಿ. ಆಸುಪಾಸು. ಒಂದು ದಿನ ಕಲಕುತ್ತಿರಲಿ, ಆಮೇಲೆ ಅಳೆಯಿರಿ.

ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಮಾತ್ರ ತಾಳ್ಮೆ ಬೇಕು. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾಡುವ ಸೂಕ್ಷ್ಮಜೀವಿಗಳು ತಣ್ಣೀರಿನಲ್ಲಿ ತೀರಾ ನಿಧಾನವಾಗಿ ಹೆಚ್ಚುತ್ತವೆ. ಚಿಲ್ಲರ್ ಹಾಕದೆ 20-22 ಡಿಗ್ರಿಯಲ್ಲೇ ಶುರುಮಾಡಿ. ಲೀಟರಿಗೆ 2 ಮಿಲಿಗ್ರಾಂ ಆಗುವಂತೆ ಅಮೋನಿಯಂ ಕ್ಲೋರೈಡ್ ಹಾಕಿ. ಅದು 24 ಗಂಟೆಯಲ್ಲಿ ಪೂರ್ತಿ ಮಾಯವಾಗಿ, ನೈಟ್ರೈಟ್ ಕೂಡ ಸೊನ್ನೆ ತೋರಿಸುವವರೆಗೆ ಕಾಯಿರಿ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಂತರ ದಿನಕ್ಕೆ ಒಂದೆರಡು ಡಿಗ್ರಿಯಂತೆ 12ಕ್ಕೆ ಇಳಿಸಿ. ಬಹಳ ಜನ ಇಲ್ಲಿಗೇ ಮುಗಿಯಿತೆಂದು ಪ್ರಾಣಿ ಬಿಡುತ್ತಾರೆ. ತಣ್ಣಗಾದ ಮೇಲೆ ಅದೇ 2 ಮಿಲಿಗ್ರಾಂ ಮತ್ತೆ ಹಾಕಿ ನೋಡಿ: ಈಗ ಎರಡು ಮೂರು ದಿನ ತೆಗೆದುಕೊಳ್ಳಬಹುದು. ನಿಮ್ಮ ಫಿಲ್ಟರಿನ ನಿಜವಾದ ಬಲ ಅಷ್ಟೇ, ಪ್ರಾಣಿಗಳ ಸಂಖ್ಯೆ ಅದಕ್ಕೆ ತಕ್ಕಂತಿರಲಿ. ಒಂದು ಸಮಾಧಾನವೂ ಉಂಟು. ಅಮೋನಿಯಾದ ವಿಷಕಾರಿ ರೂಪದ ಪಾಲು 12 ಡಿಗ್ರಿಯಲ್ಲಿ, ಅದೇ ಪಿಎಚ್ ಇದ್ದರೂ, 25 ಡಿಗ್ರಿಯಲ್ಲಿರುವುದರ ಅರ್ಧಕ್ಕಿಂತ ಕಡಿಮೆ.

ಇನ್ನು ಉಬ್ಬರವಿಳಿತದ ಏರ್ಪಾಡು. ಇದು ಕಡ್ಡಾಯವೇನಲ್ಲ, ಬಲವಾದ ನೀರಿನ ಚಲನೆ ಇದ್ದರೆ ಹೆಚ್ಚಿನ ಪ್ರಾಣಿಗಳು ಸುಖವಾಗಿರುತ್ತವೆ. ಆದರೆ ಬಂಡೆಗೆ ಅಂಟಿ ಬಾಳುವ ಚಿಪ್ಪಿನ ಜೀವಿ ಬಾರ್ನಕಲ್, ಲಿಟೊರಿನಾ ಬಸವನಹುಳುಗಳ ನಿಜವಾದ ನಡೆ ಕಾಣಬೇಕೆಂದರೆ ನೀರು ಏರಿಳಿಯಲೇಬೇಕು. ಎಷ್ಟೋ ವಿನ್ಯಾಸಗಳಿವೆ. ಕೈಕೊಟ್ಟಾಗಲೂ ನೆಲಕ್ಕೆ ಒಂದು ತೊಟ್ಟು ಚೆಲ್ಲದಂಥದ್ದನ್ನೇ ನಾನು ಹೇಳುತ್ತೇನೆ.

ತೊಟ್ಟಿಯಲ್ಲಿ ಎರಡು ನಿಲುಗೊಳವೆಗಳು. ಒಂದರ ಬಾಯಿ ಉಬ್ಬರದ ಮಟ್ಟದಲ್ಲಿ, ಸದಾ ತೆರೆದಿರುತ್ತದೆ. ಇನ್ನೊಂದರದು ಅದಕ್ಕಿಂತ 12 ಸೆಂ.ಮೀ. ಕೆಳಗೆ, ಅದರ ದಾರಿಯಲ್ಲಿ ಟೈಮರಿಗೆ ಜೋಡಿಸಿದ ಮೋಟಾರು ಬಾಲ್ ವಾಲ್ವ್. ಸಂಪಿನಿಂದ ಗಂಟೆಗೆ 300 ಲೀಟರಿನಂತೆ ನೀರು ಸತತ ಮೇಲೇರುತ್ತಿರುತ್ತದೆ. ವಾಲ್ವ್ ತೆರೆದರೆ ಇಳಿತ, ಮುಚ್ಚಿದರೆ ಉಬ್ಬರ. 80ಕ್ಕೆ 40 ಸೆಂ.ಮೀ. ತೊಟ್ಟಿಯಲ್ಲಿ 12 ಸೆಂ.ಮೀ. ಎಂದರೆ 38 ಲೀಟರ್, ಅದು ತುಂಬಲು ಸುಮಾರು 8 ನಿಮಿಷ. ಸಂಪಿನಲ್ಲಿ ಆ 38 ಲೀಟರಿಗೆ ಯಾವಾಗಲೂ ಜಾಗ ಇರಬೇಕು, ಮೇಲೆ ಇನ್ನೊಂದು 15 ಲೀಟರ್ ಹೆಚ್ಚುವರಿ ಜಾಗ. ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡರೆ ತೊಟ್ಟಿ ಇಳಿತದಲ್ಲಿ ಉಳಿಯುತ್ತದೆ, ಮುಚ್ಚಿಯೇ ನಿಂತರೆ ಉಬ್ಬರದಲ್ಲಿ. ಎರಡರಲ್ಲೂ ನೀರು ಹೊರಗೆ ಬರುವುದಿಲ್ಲ. ಮೇಲೇರುವ ಕೊಳವೆಯ ಬಾಯಿ ನೀರಿನಲ್ಲಿ ಮುಳುಗುವಂತಿದ್ದರೆ, ಉಬ್ಬರದ ಮಟ್ಟದ ತುಸು ಕೆಳಗೆ ಅದಕ್ಕೊಂದು ಸಣ್ಣ ತೂತು ಕೊರೆಯಿರಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಸೈಫನ್ ಆಗಿ ತೊಟ್ಟಿಯ ನೀರೆಲ್ಲ ಸಂಪಿಗೆ ಇಳಿಯುತ್ತದೆ. ಚಿಲ್ಲರಿಗೆ ಬೇಕಾದ ಹರಿವು ಬೇರೆ, ಅದಕ್ಕೆ ಸಂಪಿನಲ್ಲೇ ಪ್ರತ್ಯೇಕ ಪಂಪ್ ಇಡಿ. ಅಲೆ ಎಬ್ಬಿಸುವ ಪಂಪನ್ನು ಇಳಿತದ ಮಟ್ಟಕ್ಕಿಂತ ಕೆಳಗೆ ಕೂರಿಸಿ, ಅದರ ಬಾಯಿಗೆ ಜಾಲರಿ ಕಟ್ಟಿ. ಅಲೆದಾಡುವ ಕಡಲ ಹೂ ಪಂಪಿಗೆ ಸಿಕ್ಕಿ ಚೂರಾದರೆ ಇಡೀ ತೊಟ್ಟಿ ಕೊಳೆಯುತ್ತದೆ.

ನಿಜವಾದ ಉಬ್ಬರ 12 ಗಂಟೆ 25 ನಿಮಿಷಕ್ಕೊಮ್ಮೆ ಬರುತ್ತದೆ. ಮನೆಯಲ್ಲಿ 12 ಗಂಟೆಯ ಚಕ್ರ ಸಾಕು. ಮೊದಲು ದಿನಕ್ಕೆರಡು ಬಾರಿ ಒಂದೊಂದು ಗಂಟೆ ಇಳಿತ ಕೊಡಿ, ಎಲ್ಲವೂ ಚೆನ್ನಾಗಿದ್ದರೆ ಮೂರು ಗಂಟೆಯವರೆಗೆ ಹೋಗಿ.

ಪ್ರಾಣಿಗಳ ವಿಚಾರದಲ್ಲಿ ನನ್ನ ಮೊದಲ ಆಯ್ಕೆ ಆಂಥೊಪ್ಲೂರಾ ಎಲೆಗಾಂಟಿಸಿಮಾ ಎಂಬ ಗುಂಪುಗೂಡುವ ಕಡಲ ಹೂ. ಅಲಾಸ್ಕದಿಂದ ಬಾಹಾ ಕ್ಯಾಲಿಫೋರ್ನಿಯದವರೆಗಿನ ಬಂಡೆಗಳ ಮೇಲೆ ಹಾಸಿಕೊಂಡಿರುತ್ತದೆ. ಹಸಿರು ಮೈ, ತುದಿಯಲ್ಲಿ ನಸುಗೆಂಪು ಗ್ರಹಣಾಂಗಗಳು. ಮೈಯೊಳಗೆ ಪಾಚಿ ಸಾಕಿಕೊಂಡಿರುವುದರಿಂದ ದಿನಕ್ಕೆ 10-12 ಗಂಟೆ ಒಳ್ಳೆಯ ಎಲ್‌ಇಡಿ ಬೆಳಕು ಬೇಕು. ಇಳಿತದಲ್ಲಿ ಇದು ಮುದುಡಿ, ಮೈಗೆ ಅಂಟಿಸಿಕೊಂಡ ಚಿಪ್ಪಿನ ಚೂರು, ಮರಳು ಹರಳುಗಳ ಹೊದಿಕೆಯೊಳಗೆ ನೀರು ಹಿಡಿದಿಟ್ಟುಕೊಂಡು ಒಣಗದೆ ಉಳಿಯುತ್ತದೆ. ಆದ್ದರಿಂದ ತೊಟ್ಟಿಯ ಬಂಡೆಯ ಬುಡದಲ್ಲಿ ಒಂದು ಹಿಡಿ ಪುಡಿಚಿಪ್ಪು ಹಾಕಿಡಿ, ಅದೇ ಆರಿಸಿಕೊಳ್ಳುತ್ತದೆ.

ಇದು ತನ್ನನ್ನೇ ಎರಡಾಗಿ ಸೀಳಿಕೊಂಡು ಹೆಚ್ಚುತ್ತದೆ. ಒಂದೇ ಮೂಲದ ಹೂಗಳು ಮೈಗೆ ಮೈ ತಾಗಿಸಿಕೊಂಡು ಶಾಂತವಾಗಿರುತ್ತವೆ. ಬೇರೆ ಮೂಲದ್ದು ತಾಗಿತೋ, ಯುದ್ಧ. ಗ್ರಹಣಾಂಗಗಳ ಕೆಳಗೆ ಕೊರಳಪಟ್ಟಿಯಂತೆ ಅಡಗಿದ್ದ ಬಿಳಿಯ ಚೀಲಗಳು ಊದಿಕೊಳ್ಳುತ್ತವೆ. ಹೂವು ಕೊರಳು ನೀಡಿ, ಬಾಗಿ, ಆ ಚೀಲವನ್ನು ಎದುರಾಳಿಯ ಮೈಗೆ ಒತ್ತುತ್ತದೆ. ಹಿಂದೆ ಸರಿದಾಗ ಚೀಲದ ಸಿಪ್ಪೆ ಎದುರಾಳಿಯ ಮೇಲೇ ಅಂಟಿ ಉಳಿದು ಕುಟುಕುತ್ತಿರುತ್ತದೆ, ಆ ಜಾಗದ ಮಾಂಸ ಸಾಯುತ್ತದೆ. ಕಡಲತೀರದ ಬಂಡೆಗಳ ಮೇಲೆ ಎರಡು ಗುಂಪುಗಳ ನಡುವೆ ಬರಿದಾದ ಪಟ್ಟಿಯೊಂದು ಕಾಣುವುದು ಇದೇ ಕಾರಣಕ್ಕೆ. ತೊಟ್ಟಿಗೆ ಒಂದೇ ಮೂಲದ ಹೂಗಳನ್ನು ತನ್ನಿ. ಎರಡು ಮೂಲದವು ಬಂದೇ ಬಿಟ್ಟರೆ ಬೇರೆ ಬೇರೆ ಕಲ್ಲುಗಳ ಮೇಲೆ ಕೂರಿಸಿ.

ಜೊತೆಗೆ ನಾಲ್ಕೈದು ಸನ್ಯಾಸಿ ಏಡಿ, ತಲೆಗೆ ಎರಡು ಮೂರರಂತೆ ಬೇರೆ ಬೇರೆ ಅಳತೆಯ ಖಾಲಿ ಚಿಪ್ಪು, ಪಾಚಿ ಮೇಯುವ ಹತ್ತಾರು ಬಸವನಹುಳು, ಒಂದು ಸ್ಕಲ್ಪಿನ್: ಈ ತೊಟ್ಟಿಗೆ ಇಷ್ಟು ಸಾಕು. ಮುಚ್ಚಳ ಬಿಗಿಯಾಗಿರಲಿ, ಮೀನು ಹಾರುತ್ತದೆ, ಏಡಿ ಕೊಳವೆ ಹತ್ತುತ್ತದೆ. ಲಿಟೊರಿನಾ ನೀರಿನಿಂದ ಹೊರಬಂದು ಗಾಜಿನ ಅಂಚಿನಲ್ಲಿ ಕೂತರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ.

ನಕ್ಷತ್ರಮೀನು ಪಿಸಾಸ್ಟರ್ ಓಕ್ರೇಸಿಯಸ್ ಎಲ್ಲರಿಗೂ ಬೇಕು, ಆದರೆ ಬೇಡವೆನ್ನುತ್ತೇನೆ. ಪರಿಸರವಿಜ್ಞಾನಿ ರಾಬರ್ಟ್ ಪೇನ್ 1960ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ತೀರದಲ್ಲಿ ಒಂದು ಪಟ್ಟಿಯಿಂದ ಇವನ್ನು ತೆಗೆದುಹಾಕುತ್ತಾ ಹೋದಾಗ ಮಸ್ಸೆಲ್ ಚಿಪ್ಪುಗಳು ಬಂಡೆಯನ್ನೆಲ್ಲ ಆಕ್ರಮಿಸಿ ಮಿಕ್ಕ ಜೀವಗಳನ್ನು ಹೊರದೂಡಿದವು. ಅಂಥ ಹೊಟ್ಟೆಬಾಕ ಅದು. 110 ಲೀಟರ್ ನೀರಿನ ತೊಟ್ಟಿಯಲ್ಲಿ ಚಿಪ್ಪು, ಬಸವನಹುಳು, ಬಾರ್ನಕಲ್ ಏನನ್ನೂ ಉಳಿಸುವುದಿಲ್ಲ. ಜೊತೆಗೆ 2013ರಿಂದ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ನಕ್ಷತ್ರಮೀನುಗಳು ಕರಗಿ ಸಾಯುವ ರೋಗ ಹರಡಿ ಅವುಗಳ ಸಂಖ್ಯೆ ಕುಸಿದಿದೆ. ಬಂಡೆಯ ಮೇಲೆ ಉಳಿದಿರುವವನ್ನು ಅಲ್ಲೇ ಬಿಡುವುದು ಒಳ್ಳೆಯದು. ಮಸ್ಸೆಲ್ ಚಿಪ್ಪುಗಳನ್ನೂ ಹೆಚ್ಚು ತರಬೇಡಿ. ಸೂಕ್ಷ್ಮ ಪಾಚಿಯ ಆಹಾರ ಸಾಲದೆ ಅವು ಮೆಲ್ಲಗೆ ಸಾಯುತ್ತವೆ, ಬಾಯಿ ತೆರೆದು ಮುಟ್ಟಿದರೂ ಮುಚ್ಚದ ಚಿಪ್ಪನ್ನು ಆ ಕ್ಷಣವೇ ಹೊರತೆಗೆಯಬೇಕು.

ತಣ್ಣೀರಿನ ಹೊಟ್ಟೆ ನಿಧಾನ. ಕಡಲ ಹೂವಿಗೆ ಅದರ ಬಾಯಿಯಷ್ಟು ಅಗಲದ ಸಿಗಡಿ ತುಂಡು ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಬಾರಿ. ಒಂದೆರಡು ದಿನದಲ್ಲಿ ಅದು ಉಗುಳುವ ಲೋಳೆಯ ಉಂಡೆಯನ್ನು ಪಿಪೆಟ್ಟಿನಿಂದ ತೆಗೆಯಿರಿ. ಹೂವು ದಿನಗಟ್ಟಲೆ ಮುದುಡಿಯೇ ಇದ್ದು ಬಾಯಿ ಸಡಿಲಾಗಿ ತೆರೆದಿದ್ದರೆ, ಅರ್ಚಿನ್ ಮುಳ್ಳು ಉದುರಿಸುತ್ತಿದ್ದರೆ, ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಲವಣಾಂಶ, ಆಮೇಲೆ ಅಮೋನಿಯಾ.

ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಕರೆಂಟ್ ಹೋದರೆ ಎಷ್ಟು ಹೊತ್ತು ತಡೆಯುತ್ತದೆ?

150 ಲೀಟರ್ ನೀರು, ಹೊದಿಕೆ ಹಾಕಿದ ತೊಟ್ಟಿ, 60 ವ್ಯಾಟ್ ಶಾಖ ಎಂದರೆ ಗಂಟೆಗೆ ಮೂರನೇ ಒಂದು ಡಿಗ್ರಿಗಿಂತ ತುಸು ಹೆಚ್ಚು ಏರುತ್ತದೆ. ಆರು ಗಂಟೆಗೆ ಎರಡು ಡಿಗ್ರಿ, ಚಿಂತೆಯಿಲ್ಲ. ಹೊದಿಕೆ ಇಲ್ಲದಿದ್ದರೆ ಅದೇ ಆರು ಗಂಟೆಗೆ ಐದು ಡಿಗ್ರಿ. ಆದರೆ ಅದಕ್ಕೂ ಮುಂಚೆ ಆಮ್ಲಜನಕ ಕೈಕೊಡಬಹುದು. ಕರೆಂಟ್ ಹೋದೊಡನೆ ತಾನಾಗಿ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದಿರಲಿ. ಮಂಜುಗಡ್ಡೆಯನ್ನು ನೇರ ಹಾಕಬೇಡಿ, ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಸಂಪಿನಲ್ಲಿ ತೇಲಿಬಿಡಿ. ಎರಡು ಲೀಟರಿನ ಬಾಟಲಿಯೊಂದು ಕರಗುವಾಗ 150 ಲೀಟರನ್ನು ಸುಮಾರು ಒಂದು ಡಿಗ್ರಿ ಇಳಿಸುತ್ತದೆ.

ಹೆಚ್ಚಾದ ಪ್ರಾಣಿಗಳನ್ನು ಮತ್ತೆ ಕಡಲಿಗೆ ಬಿಡಬಹುದೇ?

ಬೇಡ, ತಂದ ಜಾಗಕ್ಕೇ ಆದರೂ ಬೇಡ. ತೊಟ್ಟಿಯಲ್ಲಿ ಬೇರೆ ಬೇರೆ ಕಡೆಯ ಪ್ರಾಣಿ, ಕಲ್ಲು, ಆಹಾರದ ಸೂಕ್ಷ್ಮಜೀವಿಗಳು ಬೆರೆತಿರುತ್ತವೆ. ಹೆಚ್ಚಾದವನ್ನು ಚಿಲ್ಲರ್ ಇರುವ ಇನ್ನೊಬ್ಬರಿಗೆ ಕೊಡಿ. ಬದಲಾಯಿಸಿದ ನೀರನ್ನೂ ಕಡಲಿಗೋ ಹೊಳೆಗೋ ಸುರಿಯದೆ ಮನೆಯ ಒಳಚರಂಡಿಗೆ ಬಿಡಿ. ಇನ್ನು ತೀರದಿಂದ ತರುವ ಮುನ್ನ ಅಲ್ಲಿನ ಪರವಾನಗಿ ನಿಯಮ ಓದಿ. ಸಂರಕ್ಷಿತ ತೀರಗಳಲ್ಲಿ ಖಾಲಿ ಚಿಪ್ಪು ಎತ್ತುವುದಕ್ಕೂ ನಿಷೇಧವಿರಬಹುದು. ತೀರದಲ್ಲಿ ಕಲ್ಲು ಮಗುಚಿ ನೋಡಿದರೆ ಮೊದಲಿದ್ದ ಮಗ್ಗುಲಿಗೇ ಮೆಲ್ಲಗೆ ತಿರುಗಿಸಿಡಿ, ಅದರ ಅಡಿಯಲ್ಲಿರುವುದು ಬಿಸಿಲಿಗೆ ಬಾಳುವ ಜೀವಗಳಲ್ಲ.